ಕೈಯಾರೆ ಮಾಡಿದ ಗಿಫ್ಟು ಪೋಸ್ಟಲ್ಲಿ ಕಳೆದೋದ್ರೆ, ಒಡೆದೋದ್ರೆ: ಪ್ಯಾಕಿಂಗಿಂದ ಕಂಪ್ಲೇಂಟ್ ತನಕ

ಮೊದಲೇ ಹೇಳ್ಬಿಡ್ತೀನಿ. ಕ್ರೋಶಾದಲ್ಲಿ ಹಾಕಿದ ಕುಲಾವಿ, ರೇಷ್ಮೆ ದಾರ ಸುತ್ತಿದ ಬಳೆ, ಮಣ್ಣಿನ ದೀಪ, ಮದುವೆಗೆ ಅಂತ ಮಣಿ ಅಂಟಿಸಿ ಅಲಂಕಾರ ಮಾಡಿದ ಕೊಬ್ಬರಿ, ಇಂಥದ್ದು ದಾರೀಲಿ ಹಾಳಾದ್ರೆ ಅದಕ್ಕೆ ತಕ್ಕ ದುಡ್ಡು ಯಾರೂ ಕೊಡಲ್ಲ. ಸ್ಪೀಡ್ ಪೋಸ್ಟಿಗೆ ಬಹಳ ವರ್ಷದಿಂದ ಇರೋ ನಿಯಮ ಏನಪ್ಪ ಅಂದ್ರೆ, ವಸ್ತು ಕಳೆದೋದ್ರೆ ಅಥವಾ ಒಳಗಿರೋದು ಹಾಳಾದ್ರೆ ನೀವು ಕಟ್ಟಿದ ಚಾರ್ಜಿನ ಎರಡರಷ್ಟು ಇಲ್ಲಾ 1000 ರೂಪಾಯಿ, ಎರಡರಲ್ಲಿ ಯಾವುದು ಕಮ್ಮಿಯೋ ಅದು. 90 ರೂಪಾಯಿ ಕಟ್ಟಿ ಕಳಿಸಿದ ಡಬ್ಬ ಮಾಯ ಆಯ್ತು ಅಂದ್ರೆ ಕೈಗೆ ಬರೋದು 180. ಎರಡು ವಾರ ರಾತ್ರಿ ಕೂತು ಹಾಕಿದ ಕಸೂತಿಗೆ 180 ರೂಪಾಯಿ!

ಅದಕ್ಕೇ ಇದರಲ್ಲಿ ಮುಕ್ಕಾಲು ಭಾಗ ಕಳ್ಸೋಕ್ ಮುಂಚಿನ ಕೆಲಸದ್ದೇ. ಮಿಕ್ಕಿದ್ದು ಕಳೆದೋದ್ಮೇಲೆ ಎಲ್ಲಿ ಹುಡುಕ್ಬೇಕು, ಯಾರನ್ನ ಕೇಳ್ಬೇಕು, ಎಷ್ಟು ದಿನದೊಳಗೆ ಅಂತ. ನಾನು ತುಮಕೂರಲ್ಲಿರೋದು, ಇಲ್ಲಿ ನಾವು ಒಂದಷ್ಟು ಜನ ಮನೇಲೇ ಇಂಥ ಕೆಲಸ ಮಾಡ್ತೀವಿ, ಕೋಲಾರ ಚಿಕ್ಕಬಳ್ಳಾಪುರದ ಗೆಳತೀರೂ ಮಾಡ್ತಾರೆ, ಎಲ್ಲರ ಗೋಳು ಒಂದೇ ಆದ್ರಿಂದ ಬರೀತಿದೀನಿ.

ಮೊದಲನೇ ಪ್ರಶ್ನೆ: ಇದನ್ನ ಪೋಸ್ಟಿಗೆ ಹಾಕ್ಲೇಬೇಕಾ?

ಬೆಂಗಳೂರಿಗೆ ಹೋಗ್ಬೇಕಿರೋ ಗಿಫ್ಟಾದ್ರೆ ಹಾಕ್ಬೇಡಿ ಅನ್ನೋದು ನನ್ನ ಅಭಿಪ್ರಾಯ. ತುಮಕೂರಿಂದ ದಿನಾ ಬೆಳಿಗ್ಗೆ ಟ್ರೈನಲ್ಲಿ ಕೆಲಸಕ್ಕೆ ಹೋಗಿ ಬರೋರು ಬೀದಿಗೊಬ್ರು ಸಿಗ್ತಾರೆ, ಕೋಲಾರ ಚಿಕ್ಕಬಳ್ಳಾಪುರದಿಂದ ಬಸ್ಸಲ್ಲಿ ಓಡಾಡೋರೂ ಹಾಗೇ. ಪಕ್ಕದ ಮನೆ ಹುಡುಗನ ಕೈಲಿ ಮೆಜೆಸ್ಟಿಕ್ ತನಕ ಹೋಗಿ ಅಲ್ಲಿಂದ ತಗೊಳ್ಳೋರು ಬಂದು ತಗೊಂಡ್ರೆ ಅದಕ್ಕಿಂತ ಒಳ್ಳೆ ಕೊರಿಯರ್ ಇಲ್ಲ. ಕೆಎಸ್‌ಆರ್‌ಟಿಸಿಯವರು 2021ರಲ್ಲಿ ಶುರು ಮಾಡಿದ 'ನಮ್ಮ ಕಾರ್ಗೋ' ಕೂಡ ಇದೆ, ಬಸ್ ಸ್ಟ್ಯಾಂಡಿಂದ ಬಸ್ ಸ್ಟ್ಯಾಂಡಿಗೆ. ಹುಬ್ಬಳ್ಳಿ, ಮೈಸೂರು, ಮಂಗಳೂರು ಇಂಥ ಕಡೆಗೆ ದೊಡ್ಡ ಡಬ್ಬ ಆದ್ರೆ ವಿಚಾರಿಸಿ ನೋಡಿ, ಆದ್ರೆ ಆ ಕಡೆಯವರು ಬಂದು ಬಿಡಿಸ್ಕೊಳ್ಳೋಕೆ ರೆಡಿ ಇರ್ಬೇಕು.

ಹಬ್ಬದ ಲೆಕ್ಕಾನೂ ಹಾಕಿ. ಗೌರಿ ಹಬ್ಬದಿಂದ ದೀಪಾವಳಿ ತನಕ ಪಾರ್ಸಲ್ ರಾಶಿ ಜಾಸ್ತಿ, ಮಳೆನೂ ಇರತ್ತೆ. ಬಾಗಿನದ ಜೊತೆ ಕೊಡೋ ಬಳೆ ಡಬ್ಬಿನ ಹಬ್ಬದ ವಾರದಲ್ಲಿ ಕಳ್ಸಿ ಆಮೇಲೆ ಪೋಸ್ಟ್‌ಮ್ಯಾನ್ ಮೇಲೆ ಕೂಗಾಡೋದರಲ್ಲಿ ಅರ್ಥ ಇಲ್ಲ, ಎರಡು ವಾರ ಮುಂಚೆ ಕಳ್ಸಿ.

ಕಟ್ಟೋಕ್ ಮುಂಚೆ: ದಾಖಲೆ

ಇದನ್ನ ಹೆಚ್ಚಿನೋರು ಮಾಡಲ್ಲ. ವಸ್ತು ರೆಡಿ ಆದ ತಕ್ಷಣ ಬೆಳಕಲ್ಲಿ ಇಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೀರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು. ಆಮೇಲೆ ಡಬ್ಬದೊಳಗೆ ಇಟ್ಟಿರೋದು ಒಂದು, ಮುಚ್ಚಿ ಟೇಪ್ ಹಾಕಿರೋದು ಒಂದು, ಅಡ್ರೆಸ್ ಕಾಣೋ ಹಾಗೆ ಒಂದು. ನಾಳೆ ಯಾರಾದ್ರೂ "ನೀವು ಪ್ಯಾಕ್ ಮಾಡಿದ್ದೇ ಸರಿ ಇಲ್ಲ" ಅಂದ್ರೆ ತೋರ್ಸೋಕೆ ಇವೇ ಇರೋದು.

ಬೆಲೆಗೆ ಪುರಾವೆ ಬೇಕು. ಕೈಕೆಲಸಕ್ಕೆ ಬಿಲ್ ಎಲ್ಲಿಂದ ಬರತ್ತೆ ಅಂತೀರ, ಆದ್ರೆ ನೂಲಿಗೆ, ಮಣಿಗೆ, ಬಟ್ಟೆಗೆ, ಫ್ರೇಮಿಗೆ ಬಿಲ್ ಇರತ್ತಲ್ಲ, ಅದನ್ನ ಒಂದು ಕವರಲ್ಲಿ ಹಾಕಿಡಿ. ಅಂಥದ್ದೇ ಇನ್ನೊಂದನ್ನ ಮಾರಿದ್ರೆ ಆ ಯುಪಿಐ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಅದೇ ನಿಮ್ಮ ಕೂಲಿ ಎಷ್ಟು ಅನ್ನೋದಕ್ಕೆ ಸಾಕ್ಷಿ. ಅಜ್ಜಿ ನೆನಪಿಗೆ ಮಾಡಿದ್ದು, ಮೊದಲನೇ ಮೊಮ್ಮಗೂಗೆ ಮಾಡಿದ್ದು, ಇದೆಲ್ಲ ಯಾವ ಫಾರಮ್ಮಲ್ಲೂ ಲೆಕ್ಕಕ್ಕೆ ಬರಲ್ಲ.

ಇನ್ನೊಂದು, ಇದು ನನಗೆ ಇನ್ಶೂರೆನ್ಸಿಗಿಂತ ಮುಖ್ಯ: ಮತ್ತೆ ಮಾಡೋಕೆ ಬೇಕಾಗಿದ್ದು ಉಳಿಸ್ಕೊಳ್ಳಿ. ಕ್ರೋಶಾ ಆದ್ರೆ ಕಡ್ಡಿ ನಂಬರು, ಸುತ್ತುಗಳ ಲೆಕ್ಕ, ನೂಲಿನ ಲೇಬಲ್ಲು. ಲೇಬಲ್ ಮೇಲೆ ಡೈ ಲಾಟ್ ನಂಬರ್ ಅಂತ ಇರತ್ತೆ, ಬಣ್ಣದ ಹೆಸರು ಒಂದೇ ಆದ್ರೂ ಲಾಟ್ ಬೇರೆ ಆದ್ರೆ ಸ್ವಲ್ಪ ತೆಳುವೋ ಗಾಢವೋ ಬಂದ್ಬಿಡತ್ತೆ. ಅದೇ ಲಾಟಿನ ಒಂದು ಉಂಡೆ ಎತ್ತಿಟ್ರೆ ರಿಪೇರಿಗೂ ಆಯ್ತು. ರೇಷ್ಮೆ ದಾರದ ಬಳೆಗೂ ಅದೇ ಲೆಕ್ಕ, ಒಂದು ಲಡಿ ಜಾಸ್ತಿ ತಗೊಳ್ಳಿ.

ಯಾವುದಕ್ಕೆ ಯಾವ ಥರ ಪ್ಯಾಕಿಂಗು

ಇಲ್ಲಿ ಆತುರ ಬೇಡ. ಪೋಸ್ಟಲ್ಲಿ ಡಬ್ಬ ಒಂದೇ ಹೋಗಲ್ಲ, ಚೀಲದಲ್ಲಿ ಇನ್ನೂ ಇಪ್ಪತ್ತರ ಜೊತೆ ಹೋಗತ್ತೆ, ಮೇಲೆ ಏನು ಕೂರತ್ತೋ ಗೊತ್ತಿಲ್ಲ, ಚೀಲನ ಗಾಡಿಯಿಂದ ಇಳಿಸೋವಾಗ ಯಾರೂ ಮಗು ಇಳಿಸಿದ ಹಾಗೆ ಇಳಿಸಲ್ಲ. 'ಒಡೆಯುವ ವಸ್ತು' ಅಂತ ಕೆಂಪಲ್ಲಿ ಬರೆದ್ರೂ ಅದನ್ನ ನಿಂತು ಓದೋಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ಬರೀರಿ, ಆದ್ರೆ ನಂಬಬೇಡಿ. ನಿಮ್ಮ ಸೊಂಟದ ಎತ್ತರದಿಂದ ಡಬ್ಬ ನೆಲಕ್ಕೆ ಬಿದ್ರೂ ಒಳಗಿಂದು ಉಳೀಬೇಕು ಅಂತ ಅಂದ್ಕೊಂಡೇ ಕಟ್ಟಿ.

ಮಣ್ಣಿನದು, ಅಂದ್ರೆ ದೀಪ, ಟೆರಾಕೋಟಾ ಗಣಪ, ದಸರಾ ಬೊಂಬೆ: ಒಡೆಯೋದು ಯಾವಾಗ್ಲೂ ಚಾಚ್ಕೊಂಡಿರೋ ಜಾಗ. ಸೊಂಡಿಲು, ಕಿವಿ, ಕೈ, ದೀಪದ ಮೂತಿ. ಆ ಜಾಗಕ್ಕೆ ಮೊದಲು ಟಿಶ್ಯೂನೋ ಹಳೇ ಕಾಟನ್ ಬಟ್ಟೆನೋ ಮೆತ್ತಗೆ ತುಂಬಿ ಸುತ್ತಿ, ಬೊಂಬೆ ಒಂದು ಉಂಡೆ ಥರ ಆಗ್ಬೇಕು, ಯಾವುದೂ ಹೊರಗೆ ಚಾಚ್ಕೊಂಡಿರಬಾರದು, ಆಮೇಲೆ ಅದರ ಮೇಲೆ ಬಬಲ್ ರ್‍ಯಾಪು ಎರಡು ಮೂರು ಸುತ್ತು. ಒಳಗೆ ಟೊಳ್ಳಿದ್ರೆ ಪೇಪರ್ ತುಂಬಿ. ಎರಡು ವಸ್ತು ಒಂದನ್ನೊಂದು ಮುಟ್ಟಬಾರದು, ಮಧ್ಯೆ ರಟ್ಟು ನಿಲ್ಲಿಸಿ. ಆಮೇಲೆ ಚಿಕ್ಕ ಡಬ್ಬದಲ್ಲಿಟ್ಟು ಆ ಚಿಕ್ಕ ಡಬ್ಬನ ದೊಡ್ಡ ಡಬ್ಬದಲ್ಲಿಟ್ಟು ಆರೂ ಕಡೆ ಒಂದೆರಡು ಇಂಚು ಉಂಡೆ ಮಾಡಿದ ಪೇಪರ್ ಗಟ್ಟಿಯಾಗಿ ತುರುಕಿ. ಥರ್ಮಾಕೋಲ್ ಚೂರು ಬೇಡ, ಅದು ಅಲ್ಲಾಡಿ ಅಲ್ಲಾಡಿ ಕೆಳಗೆ ಇಳಿದು ಮೇಲೆ ಜಾಗ ಖಾಲಿ ಆಗ್ಬಿಡತ್ತೆ. ಮುಚ್ಚಿ ಕಿವಿ ಹತ್ರ ಹಿಡ್ಕೊಂಡು ಅಲ್ಲಾಡ್ಸಿ, ಏನಾದ್ರೂ ಸದ್ದು ಬಂತಾ, ಬಿಚ್ಚಿ ಮತ್ತೆ ತುಂಬಿ.

ರೇಷ್ಮೆ ದಾರದ್ದು: ನಮ್ ಕಡೆ ಇದು ಜಾಸ್ತಿ, ಶಿಡ್ಲಘಟ್ಟದಂಥ ರೇಷ್ಮೆ ಊರು ಪಕ್ಕದಲ್ಲೇ ಇದೆ. ಶತ್ರು ಅಂದ್ರೆ ನೀರು. ಗಾಢ ಕೆಂಪು, ಹಸಿರು, ನೇರಳೆ ಒದ್ದೆ ಆದ್ರೆ ಬಣ್ಣ ಬಿಟ್ಟು ಪಕ್ಕದ ಬಿಳಿ ದಾರಕ್ಕೆ ಹತ್ಕೊಳ್ಳತ್ತೆ. ಅಂಟು ಪೂರ್ತಿ ಒಣಗೋಕೆ ಒಂದು ದಿನ ಬಿಟ್ಟು ಆಮೇಲೆ ಒಂದೊಂದು ಬಣ್ಣ ಒಂದೊಂದು ಜಿಪ್ ಕವರಿಗೆ ಹಾಕಿ. ಬಳೆ ಆದ್ರೆ ರಟ್ಟಿನ ಸುರುಳಿಗೆ ಏರಿಸಿ, ಬಳೆ ಅಂಗಡಿಯವರು ಇಡ್ತಾರಲ್ಲ ಹಾಗೆ, ಆಗ ಅದುಮಿದ್ರೂ ಅಂಡಾಕಾರ ಆಗಲ್ಲ. ಕುಂದನ್ನು ಮಣಿ ಉದುರಿ ಹೋದ್ರೆ ಅಂತ ಒಂದು ಪುಟ್ಟ ಕವರಲ್ಲಿ ಹತ್ತು ಎಕ್ಸ್‌ಟ್ರಾ ಹಾಕಿ.

ಕ್ರೋಶಾ, ಹೆಣಿಗೆ, ಕಸೂತಿ: ಒಡೆಯೋ ಮಾತೇ ಇಲ್ಲ. ಆದ್ರೆ ಹಸಿ ವಾಸನೆ ಇರೋವಾಗ ಪ್ಲಾಸ್ಟಿಕ್ಕಲ್ಲಿ ಕಟ್ಟಿದ್ರೆ ಬೂಷ್ಟು ಗ್ಯಾರಂಟಿ. ಪೂರ್ತಿ ಒಣಗ್ಲಿ. ಇನ್ನೊಂದು, ತಗೊಳ್ಳೋರು ಕತ್ತರಿ ಹಾಕಿ ಕವರ್ ಕೊಯ್ಯೋವಾಗ ಒಳಗಿನ ನೂಲೂ ಕೊಯ್ದುಬಿಡ್ತಾರೆ, ಮಧ್ಯೆ ಒಂದು ರಟ್ಟು ಇಡಿ, ಕವರ್ ಮೇಲೆ ಎಲ್ಲಿಂದ ಬಿಚ್ಚಬೇಕು ಅಂತ ಗೀಟು ಹಾಕಿ.

ಚಿತ್ರ: ಗಾಜಿನ ಫ್ರೇಮ್ ಹಾಕಿ ಕಳಿಸೋದು ಬೇಡವೇ ಬೇಡ, ಫ್ರೇಮು ಅವರೂರಲ್ಲೇ ಹಾಕಿಸ್ಕೊಳ್ಳಲಿ. ಹಾಕ್ಲೇಬೇಕು ಅಂತಿದ್ರೆ ಗಾಜಿನ ಮೇಲೆ ಅಡ್ಡ ಉದ್ದ ಟೇಪ್ ಅಂಟಿಸಿ, ಒಡೆದ್ರೂ ಚೂರು ಚಿತ್ರನ ಗೀರಲ್ಲ. ಬರೀ ಕಾಗದ, ಕ್ಯಾನ್ವಾಸ್ ಆದ್ರೆ ಸುತ್ತಿ ಪಿವಿಸಿ ಪೈಪಲ್ಲಿ ಹಾಕ್ಬಹುದು. ಮೈಸೂರು ಶೈಲಿ ಚಿತ್ರಕ್ಕೆ ಮಾತ್ರ ಆ ಕೆಲಸ ಮಾಡ್ಬೇಡಿ, ಅದರಲ್ಲಿ ಗೆಸ್ಸೋ ಅನ್ನೋ ಪೇಸ್ಟಿಂದ ಮಾಡಿದ ಉಬ್ಬು ಇರತ್ತೆ, ಅದರ ಮೇಲೆ ಚಿನ್ನದ ಹಾಳೆ, ಸುತ್ತಿದ್ರೆ ಬಿರುಕು ಬಿಟ್ಟು ಎದ್ದು ಬರತ್ತೆ. ಎರಡು ಪ್ಲೈವುಡ್ ಹಲಗೆ ಮಧ್ಯೆ ಬಟರ್ ಪೇಪರ್ ಹಾಕಿ ಮಲಗಿಸಿ ಕಳ್ಸಿ.

ಕೊಬ್ಬರಿ: ತಿಪಟೂರಿನ ಕೊಬ್ಬರಿ ನಮ್ಮ ಜಿಲ್ಲೆ ಹೆಮ್ಮೆ, ಮದುವೆ ಸೀಮಂತಕ್ಕೆ ಅಲಂಕಾರ ಮಾಡಿ ಕಳಿಸೋರು ಇದಾರೆ. ಎಣ್ಣೆ ಬಿಡತ್ತೆ, ಬಟರ್ ಪೇಪರಲ್ಲಿ ಸುತ್ತದೆ ರೇಷ್ಮೆ ಬಟ್ಟೆ ಜೊತೆ ಇಟ್ರೆ ಬಟ್ಟೆ ಕೆಟ್ಟಂಗೆ ಲೆಕ್ಕ. ಬೇರೆ ಡಬ್ಬಿ, ಬೇರೆ ಕವರು.

ಕ್ಯಾಂಡಲ್ಲು, ರೆಸಿನ್: ಏಪ್ರಿಲ್ ಮೇ ತಿಂಗಳಲ್ಲಿ ಕಳ್ಸಬೇಡಿ. ಬಿಸಿಲಲ್ಲಿ ನಿಂತ ವ್ಯಾನೊಳಗಿನ ಶಾಖಕ್ಕೆ ಸೋಯಾ ವ್ಯಾಕ್ಸು ಬೆವರಿ ಮೆತ್ತಗಾಗತ್ತೆ, ರೆಸಿನ್ ತಟ್ಟೆ ಬಾಗತ್ತೆ. ಪುಟ್ಟ ಲೈಟ್ ಸರ ಹಾಕಿದ ಗಿಫ್ಟಾದ್ರೆ ಸೆಲ್ ತೆಗೆದು ಕಳ್ಸಿ, ಲಿಥಿಯಂ ಬ್ಯಾಟರಿ, ಸೆಂಟು, ನೇಲ್ ಪಾಲಿಶ್ ಥರ ಬೆಂಕಿ ಹತ್ಕೊಳ್ಳೋದು ಯಾವುದೂ ಒಳಗಿರಬಾರದು, ಇವೆಲ್ಲ ಪಾರ್ಸಲ್ ಅಲ್ಲೇ ತಡೆ ಹಿಡಿಯೋಕೆ ಕಾರಣ ಆಗತ್ತೆ.

ಡಬ್ಬ, ಟೇಪು, ಅಡ್ರೆಸ್ಸು

ಹೊಸ ಡಬ್ಬ ಬೇಕು ಅಂತಿಲ್ಲ, ಆದ್ರೆ ಮೂಲೆ ಮೆತ್ತಗಾಗಿರೋದು, ಒಂದ್ಸಲ ನೆನೆದು ಒಣಗಿರೋದು ಬೇಡ, ನೀರು ಕುಡಿದ ರಟ್ಟಿಗೆ ಶಕ್ತಿ ಇರಲ್ಲ. ಭಾರದ್ದಕ್ಕೆ ಐದು ಪದರದ ಡಬ್ಬ. ಟೇಪು ಮಧ್ಯದ ಸೀಳಿಗೆ ಉದ್ದಕ್ಕೆ ಒಂದು, ಎರಡೂ ಅಂಚಿಗೆ ಅಡ್ಡ ಒಂದೊಂದು, ಮೇಲೂ ಕೆಳಗೂ. ಅಜ್ಜಂದಿರ ಕಾಲದಲ್ಲಿ ಬಿಳಿ ಬಟ್ಟೆ ಹೊಲಿದು ಅರಗು ಒತ್ತಿ ಕಳಿಸ್ತಿದ್ರಲ್ಲ, ಅದು ಹಾಸ್ಯ ಅಲ್ಲ, ಯಾರಾದ್ರೂ ಮಧ್ಯೆ ಬಿಚ್ಚಿದ್ರೆ ತಕ್ಷಣ ಗೊತ್ತಾಗ್ತಿತ್ತು. ಈಗ ಅದೇ ಕೆಲಸಕ್ಕೆ ಟೇಪಿನ ಜೋಡಣೆ ಮೇಲೆ ಪೆನ್ನಲ್ಲಿ ಅಡ್ಡ ಸೈನ್ ಹಾಕಿ ಫೋಟೋ ತೆಗೀರಿ.

ಡಬ್ಬ ತೀರಾ ದೊಡ್ಡದೂ ಮಾಡ್ಬೇಡಿ, ಪಾರ್ಸಲ್ಲಿಗೆ ತೂಕದ ಬದಲು ಸೈಜ್ ಮೇಲೂ ಚಾರ್ಜ್ ಹಾಕ್ತಾರೆ. ಉದ್ದ ಅಗಲ ಎತ್ತರನ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸಿ ಬರೋ ಕೆಜಿ ಅಂತ ಸಾಮಾನ್ಯವಾಗಿ ಲೆಕ್ಕ. 30, 30, 25ರ ಡಬ್ಬದಲ್ಲಿ ಅರ್ಧ ಕೆಜಿ ಕುಲಾವಿ ಸ್ವೆಟರ್ ಹಾಕಿದ್ರೆ ನಾಲ್ಕೂವರೆ ಕೆಜಿ ದುಡ್ಡು ಕಟ್ಬೇಕಾಗತ್ತೆ.

ಅಡ್ರೆಸ್ ವಿಷಯಕ್ಕೆ ಬಂದ್ರೆ ನಮ್ಮ ಮೂರು ಜಿಲ್ಲೆಯವರು ಸ್ವಲ್ಪ ಜಾಸ್ತಿನೇ ಹುಷಾರಾಗಿರ್ಬೇಕು. ಬರೀ 'ಬಳ್ಳಾಪುರ' ಅಂತ ಬರೆದ್ರೆ ಚಿಕ್ಕಬಳ್ಳಾಪುರನೋ ದೊಡ್ಡಬಳ್ಳಾಪುರನೋ? ಪಿನ್ನು ಒಂದು 562101, ಇನ್ನೊಂದು 561203. ಹೊಸಹಳ್ಳಿ ಅನ್ನೋ ಊರು ತಾಲ್ಲೂಕಿಗೆ ಒಂದೆರಡು ಇರ್ತವೆ. ಹಳ್ಳೀಲಿ ಒಂದೇ ಪಿನ್ನು ಹತ್ತಾರು ಊರಿಗೆ ಇರತ್ತೆ, ಹಾಗಾಗಿ ಹಳ್ಳಿ, ಅಲ್ಲಿನ ಬ್ರಾಂಚ್ ಪೋಸ್ಟಾಫೀಸು, ಹೋಬಳಿ, ತಾಲ್ಲೂಕು ಎಲ್ಲ ಬರೀರಿ. ಬಾಗೇಪಲ್ಲಿ, ಗೌರಿಬಿದನೂರು, ಮುಳಬಾಗಿಲಿನವರಿಗೆ ಅರ್ಧ ನೆಂಟರು ಹಿಂದೂಪುರ, ಮದನಪಲ್ಲಿ, ಕುಪ್ಪಂ ಕಡೆ ಇರ್ತಾರೆ, ಗಡಿ ದಾಟೋ ಪಾರ್ಸಲ್ಲಿಗೆ ಕನ್ನಡದ ಕೆಳಗೆ ಇಂಗ್ಲಿಷಲ್ಲೂ ಬರೀರಿ. ಫೋನ್ ನಂಬರ್ ಎರಡೂ ಕಡೇದು, ಕಡ್ಡಾಯ.

ಮತ್ತೆ ಇದನ್ನ ಯಾರೂ ಬಿಡಬೇಡಿ: ಅದೇ ಅಡ್ರೆಸ್ ಇನ್ನೊಂದು ಚೀಟೀಲಿ ಬರೆದು, ಒಳಗೆ ಏನಿದೆ ಅಂತ ಪಟ್ಟಿ ಬರೆದು ಡಬ್ಬದೊಳಗೆ ಹಾಕಿ. ಮೇಲಿನ ಲೇಬಲ್ ಮಳೇಲಿ ಕಿತ್ತು ಹೋದ್ರೆ ಆ ಪಾರ್ಸಲ್ ಕೊನೆಗೆ ರಿಟರ್ನ್ಡ್ ಲೆಟರ್ ಆಫೀಸ್ ಅನ್ನೋ ಕಡೆ ಹೋಗತ್ತೆ, ಅಲ್ಲಿ ಬಿಚ್ಚಿ ನೋಡಿ ಯಾರದ್ದು ಅಂತ ಹುಡುಕ್ತಾರೆ. ಒಳಗೆ ಚೀಟಿ ಇದ್ರೆ ವಾಪಸ್ ಬರತ್ತೆ, ಇಲ್ಲ ಅಂದ್ರೆ ನಿಮ್ಮ ಗಣಪ ಅಲ್ಲೇ.

ಕೌಂಟರಲ್ಲಿ

2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಅನ್ನೋದು ಬೇರೆಯಾಗಿ ಇಲ್ಲ, ಸ್ಪೀಡ್ ಪೋಸ್ಟ್ ಜೊತೆ ಸೇರಿಸ್ಬಿಟ್ರು. ಅದೇ ಹೆಸರಿನವರ ಕೈಗೇ ಕೊಡ್ಬೇಕು ಅಂದ್ರೆ ಸ್ಪೀಡ್ ಪೋಸ್ಟಿಗೆ ರಿಜಿಸ್ಟ್ರೇಷನ್ ಸೇರಿಸಿ ಅಂತ ಕೇಳ್ಬೇಕು, 5 ರೂಪಾಯಿ ಮತ್ತೆ ಜಿಎಸ್‌ಟಿ. ಒಟಿಪಿ ಹೇಳಿದ್ರೆ ಮಾತ್ರ ಕೊಡೋ ಹಾಗೆ ಮಾಡೋಕೂ 5 ರೂಪಾಯಿ ಮತ್ತೆ ಜಿಎಸ್‌ಟಿ. ಹತ್ತು ಹನ್ನೆರಡು ರೂಪಾಯಿಗೆ ಎರಡೂ ಆಗತ್ತೆ, ಜಿಪುಣತನ ಬೇಡ. ಆದ್ರೆ ವಯಸ್ಸಾದ ಅತ್ತೆ ಒಬ್ರೇ ಇರೋ ಮನೆಗೆ ಒಟಿಪಿ ಹಾಕಿದ್ರೆ ಅವರು ಫೋನ್ ಹುಡುಕೋ ಹೊತ್ತಿಗೆ ಪೋಸ್ಟ್‌ಮ್ಯಾನ್ ಮುಂದಿನ ಬೀದೀಲಿರ್ತಾನೆ, ಅಲ್ಲಿ ಬರೀ ರಿಜಿಸ್ಟ್ರೇಷನ್ ಸಾಕು.

ಬೆಲೆ ಜಾಸ್ತಿ ಇದ್ರೆ ಇನ್ಶೂರೆನ್ಸ್ ಮಾಡ್ಸಿ. 90 ಕಟ್ಟಿ 180 ಅನ್ನೋ ಲೆಕ್ಕದಿಂದ ಹೊರಗೆ ಬರೋಕೆ ಅದೊಂದೇ ದಾರಿ. ಎಷ್ಟಕ್ಕೆ ಮಾಡ್ಸಬೇಕು? ನಿಜವಾದ ಬೆಲೆಗೆ, ಅದಕ್ಕಿಂತ ಜಾಸ್ತಿ ತೋರ್ಸೋ ಹಾಗಿಲ್ಲ, ಮೇಲೆ ಹೇಳಿದ ಬಿಲ್ ಕವರು ಇಲ್ಲಿ ಕೆಲಸಕ್ಕೆ ಬರೋದು. ಹಳ್ಳಿ ಬ್ರಾಂಚಲ್ಲಿ ದೊಡ್ಡ ಮೊತ್ತಕ್ಕೆ ಮಾಡಲ್ಲ, ಹೆಡ್ ಪೋಸ್ಟಾಫೀಸಿಗೇ ಹೋಗಿ. ಪ್ಯಾಕಿಂಗ್, ಸೀಲ್ ಹೇಗಿರ್ಬೇಕು ಅಂತ ಮೊದಲೇ ಕೇಳ್ಕೊಂಡು ಹೋಗಿ, ಕಟ್ಟಿದ್ದನ್ನ ಮತ್ತೆ ಬಿಚ್ಚೋ ಕಷ್ಟ ಬೇಡ.

ರಸೀತಿ ಕೊಟ್ಟ ತಕ್ಷಣ ಅಲ್ಲೇ ನಿಂತು ಪಿನ್ನು, ಹೆಸರು ಸರಿಯಾಗಿ ಟೈಪ್ ಆಗಿದ್ಯಾ ನೋಡಿ. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಐಎನ್, ಒಟ್ಟು 13, ಅದೇ ಟ್ರ್ಯಾಕಿಂಗ್ ನಂಬರ್. ಆ ರಸೀತಿ ಇಂಕು ಒಂದೆರಡು ತಿಂಗಳಲ್ಲಿ ಅಳಿಸಿ ಹೋಗತ್ತೆ, ಕೌಂಟರ್ ಬಿಟ್ಟು ಹೊರಡೋಕ್ ಮುಂಚೆ ಫೋಟೋ.

ತಗೊಳ್ಳೋರಿಗೆ ಮೊದಲೇ ಹೇಳಿ

ನಮ್ಮೋರ ದೊಡ್ಡ ಸಮಸ್ಯೆ ಇದು. ಚಿಕ್ಕಮ್ಮನಿಗೆ ಡಬ್ಬ ಹೋಗಿರತ್ತೆ, ಬಿಚ್ಚಿದ್ರೆ ದೀಪದ ಮೂತಿ ಮುರಿದಿರತ್ತೆ. ಫೋನ್ ಮಾಡಿ "ಬಂತಾ ಚಿಕ್ಕಮ್ಮ" ಅಂದ್ರೆ "ಹ್ಞೂ ಕಣೇ, ತುಂಬಾ ಚೆನ್ನಾಗಿದೆ, ದೇವರ ಮನೇಲಿ ಇಟ್ಟಿದೀನಿ" ಅಂತಾರೆ. ಪಾಪ ಅಷ್ಟು ಕಷ್ಟಪಟ್ಟು ಮಾಡಿದಾಳೆ, ಬೇಜಾರಾಗತ್ತೆ ಅಂತ ಅವರ ಸಂಕೋಚ. ಮುಂದಿನ ಯುಗಾದಿಗೆ ಹೋದಾಗ ನಮಗೆ ಗೊತ್ತಾಗತ್ತೆ, ಅಷ್ಟೊತ್ತಿಗೆ ದೂರು ಕೊಡೋ ಟೈಮ್ ಮುಗಿದು ಡಬ್ಬ ಯಾವಾಗ್ಲೋ ಗುಜರಿಗೆ ಹೋಗಿರತ್ತೆ. ಸರ್‌ಪ್ರೈಸ್ ಅಂತ ಹೇಳದೆ ಕಳಿಸೋದು ಇನ್ನೂ ಕೆಟ್ಟದ್ದು, ಬರಬೇಕಿತ್ತು ಅನ್ನೋದೇ ಅವರಿಗೆ ಗೊತ್ತಿರಲ್ಲ, ಬರದಿದ್ರೆ ಕೇಳೋರು ಯಾರು?

ಹಾಗಾಗಿ ಕಳಿಸಿದ ದಿನಾನೇ ಟ್ರ್ಯಾಕಿಂಗ್ ನಂಬರ್ ಜೊತೆ ಒಂದು ಮೆಸೇಜ್ ಹಾಕಿ, ನಾನು ಹಾಕೋದು ಹೀಗೆ: "ಅತ್ತಿಗೆ, ಒಂದು ಪಾರ್ಸಲ್ ಬರತ್ತೆ. ಡಬ್ಬ ಜಜ್ಜಿದ್ರೆ, ನೆನೆದಿದ್ರೆ ಬಿಚ್ಚೋಕ್ ಮುಂಚೆ ಫೋಟೋ ತೆಗೀರಿ. ಬಿಚ್ಚೋವಾಗ ಮಗನ ಕೈಲಿ ವಿಡಿಯೋ ಮಾಡ್ಸಿ. ಒಡೆದಿದ್ರೆ ದಯವಿಟ್ಟು ಮುಚ್ಚಿಡಬೇಡಿ, ನಂಗೆ ಬೇಜಾರಿಲ್ಲ, ಡಬ್ಬ ಪೇಪರ್ ಯಾವುದೂ ಎಸೀಬೇಡಿ." ಇಷ್ಟು ನೇರವಾಗಿ ಹೇಳಿದ್ರೇನೇ ಅವರು ಹೇಳೋದು.

ಡಬ್ಬ ನೋಡಿದ್ರೇನೇ ಹಾಳಾಗಿರೋದು ಕಾಣ್ತಿದ್ರೆ ಸೈನ್ ಹಾಕೋಕ್ ಮುಂಚೆ ಪೋಸ್ಟ್‌ಮ್ಯಾನ್‌ಗೆ ಓಪನ್ ಡೆಲಿವರಿ ಬೇಕು ಅಂತ ಕೇಳ್ಬಹುದು. ಪೋಸ್ಟಾಫೀಸಲ್ಲಿ ಅಧಿಕಾರಿ ಮುಂದೆ ಬಿಚ್ಚಿ, ಒಳಗೆ ಏನಿದೆ ಏನಿಲ್ಲ ಅಂತ ಬರ್ಕೊಳ್ತಾರೆ. ಇನ್ಶೂರ್ ಮಾಡಿದ ಪಾರ್ಸಲ್ ಆದ್ರೆ ಇದನ್ನ ಕೇಳ್ಲೇಬೇಕು, ಆ ಕಾಗದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

ಬರಲೇ ಇಲ್ಲ ಅಂದ್ರೆ

ಗಾಬರಿ ಆಗೋಕ್ ಮುಂಚೆ ಟ್ರ್ಯಾಕಿಂಗ್ ಓದಿ. 'ಬ್ಯಾಗ್ಡ್', 'ಡಿಸ್ಪ್ಯಾಚ್ಡ್' ಅಂತ ನಿಂತಿದ್ರೆ ಚೀಲ ದಾರೀಲಿದೆ ಅಂತ, ಮಧ್ಯೆ ಭಾನುವಾರ, ಹಬ್ಬ ಬಂದ್ರೆ ಎರಡು ಮೂರು ದಿನ ಏನೂ ಬದಲಾಗಲ್ಲ. ವಾರ ಆದ್ರೂ ಒಂದೇ ಊರಲ್ಲಿ ನಿಂತಿದ್ರೆ ಆವಾಗ ಕೇಳೋಕೆ ಶುರು ಮಾಡಿ. 'ಡೋರ್ ಲಾಕ್ಡ್' ಅಂತ ಬಂದ್ರೆ ಅದೇ ದಿನ ಅವರಿಗೆ ಫೋನ್ ಮಾಡಿ, ಡೆಲಿವರಿ ಪೋಸ್ಟಾಫೀಸಲ್ಲಿ ಕೆಲವೇ ದಿನ ಇಟ್ಕೊಂಡು ವಾಪಸ್ ಕಳಿಸ್ಬಿಡ್ತಾರೆ.

'ಡೆಲಿವರ್ಡ್' ಅಂತ ಇದ್ದು ಅವರ ಕೈ ಸೇರಿಲ್ಲ ಅಂದ್ರೆ ಮೊದಲು ಅಪಾರ್ಟ್‌ಮೆಂಟ್ ಸೆಕ್ಯೂರಿಟಿ, ಪಕ್ಕದ ಮನೆ, ಕೆಳಗಿನ ಅಂಗಡಿ. ಅರ್ಧಕ್ಕರ್ಧ ಅಲ್ಲೇ ಸಿಗತ್ತೆ. ಸಿಗ್ಲಿಲ್ವಾ, ಬೆಳಿಗ್ಗೆ ಪೋಸ್ಟ್‌ಮ್ಯಾನ್ ಬೀಟಿಗೆ ಹೊರಡೋಕ್ ಮುಂಚೆ ಅವರೂರ ಪೋಸ್ಟಾಫೀಸಿಗೆ ಹೋಗಿ ಅವರನ್ನೇ ಭೇಟಿ ಮಾಡ್ಬೇಕು, ಮಧ್ಯಾಹ್ನ ಹೋದ್ರೆ ಯಾರೂ ಇರಲ್ಲ. ಜಗಳ ಬೇಡ, "ಅಣ್ಣ, ಈ ನಂಬರಿಂದು ಯಾರ ಕೈಗೆ ಕೊಟ್ರಿ ಅಂತ ನೋಡಿ ಹೇಳಿ" ಅಂದ್ರೆ ಸಾಕು, ಯಾರು ಸೈನ್ ಹಾಕಿದಾರೆ ಅನ್ನೋ ದಾಖಲೆ ಕೇಳೋ ಹಕ್ಕು ನಿಮಗಿದೆ.

ಕಂಪ್ಲೇಂಟು: ಮೆಟ್ಟಿಲು ಮೆಟ್ಟಿಲಾಗಿ

ಮೊದಲು ಇಂಡಿಯಾ ಪೋಸ್ಟ್ ವೆಬ್‌ಸೈಟಲ್ಲಿ ದೂರು ಹಾಕಿ, ಇಲ್ಲಾ 1800 266 6868ಕ್ಕೆ ಫೋನ್ ಮಾಡಿ, ಇಲ್ಲಾ ಬುಕ್ ಮಾಡಿದ ಪೋಸ್ಟಾಫೀಸಲ್ಲೇ ಬರೆದು ಕೊಡಿ. ಹೇಗೆ ಕೊಟ್ರೂ ಕಂಪ್ಲೇಂಟ್ ನಂಬರ್ ತಗೊಳ್ದೆ ಬರಬೇಡಿ. ಬುಕ್ ಮಾಡಿ ಮೂರು ತಿಂಗಳೊಳಗೆ ಆಗ್ಬೇಕು, ಆದ್ರೆ ನಾನು ಹೇಳೋದು ಮೂರು ವಾರದೊಳಗೆ, ತಡ ಆದಷ್ಟೂ ಹುಡುಕೋರಿಗೂ ಕಷ್ಟ. ಕತೆ ಬರೀಬೇಡಿ. ನಂಬರ್, ಬುಕ್ ಮಾಡಿದ ದಿನ, ಎಲ್ಲಿಂದ ಎಲ್ಲಿಗೆ, ಒಳಗೆ ಏನಿತ್ತು, ಬೆಲೆ, ಏನಾಗಿದೆ, ನಿಮಗೇನು ಬೇಕು, ಜೊತೆಗೆ ಫೋಟೋ. ಎಷ್ಟು ಪ್ರೀತಿಯಿಂದ ಮಾಡಿದ್ದು ಅಂತ ಒಂದು ಪುಟ ಬರೆದ್ರೆ ಓದೋ ಗುಮಾಸ್ತರಿಗೆ ಟ್ರ್ಯಾಕಿಂಗ್ ನಂಬರ್ ಹುಡುಕೋದೇ ಕೆಲಸ ಆಗತ್ತೆ.

ಮತ್ತೆ ಒಂದು: ದೂರು ಕೊಟ್ಟು ಅವರು ನೋಡೋ ತನಕ ರಿಪೇರಿ ಮಾಡ್ಬೇಡಿ, ಒಡೆದ ಚೂರು, ಡಬ್ಬ, ಟೇಪು ಎಲ್ಲ ಹಂಗೇ ಒಂದು ಚೀಲದಲ್ಲಿ ಇರ್ಲಿ.

'ಡೆಲಿವರ್ಡ್, ಕೇಸ್ ಕ್ಲೋಸ್ಡ್' ಅಂತ ಒಂದು ಸಾಲಿನ ಉತ್ತರ ಬಂದ್ರೆ ಮುಂದಿನ ಮೆಟ್ಟಿಲು ಡಿವಿಷನ್ ಸೂಪರಿಂಟೆಂಡೆಂಟ್ ಆಫೀಸು, ಅಲ್ಲಿಗೆ ಕಾಗದ ಬರೀರಿ, ಹಳೇ ಕಂಪ್ಲೇಂಟ್ ನಂಬರ್ ಹಾಕಿ. ಡಾಕ್ ಅದಾಲತ್ ಅಂತ, ಅಂಚೆ ದೂರುಗಳನ್ನ ಅಧಿಕಾರಿಗಳೇ ಕೂತು ಕೇಳೋ ಸಭೆ, ಆಗಾಗ ನಡೆಸ್ತಾರೆ, ಪೇಪರಲ್ಲಿ ದಿನಾಂಕ ಬರತ್ತೆ, ಅದಕ್ಕೂ ಅರ್ಜಿ ಹಾಕ್ಬಹುದು. ಕೇಂದ್ರ ಸರ್ಕಾರದ ಇಲಾಖೆಗಳ ಮೇಲೆ ಆನ್‌ಲೈನಲ್ಲಿ ದೂರು ಹಾಕೋ ಸಿಪಿಗ್ರಾಮ್ಸ್ ಪೋರ್ಟಲ್ ಇದೆ, 2024ರಲ್ಲಿ ಉತ್ತರ ಕೊಡೋ ಗಡುವನ್ನ 21 ದಿನಕ್ಕೆ ಇಳಿಸಿದಾರೆ. ನನ್ನ ಕೇಳಿದ್ರೆ ಸಿಪಿಗ್ರಾಮ್ಸಿಗೆ ಹಾಕಿದ್ಮೇಲೆ ಫೋನ್ ಬರೋ ಸ್ಪೀಡೇ ಬೇರೆ.

ಕೊನೇದು ಗ್ರಾಹಕರ ಆಯೋಗ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರರಲ್ಲೂ ಜಿಲ್ಲಾ ಆಯೋಗ ಇದೆ, 2019ರ ಕಾಯ್ದೆ ಪ್ರಕಾರ ನೀವಿರೋ ಜಿಲ್ಲೇಲೇ ಹಾಕ್ಬಹುದು, ಎರಡು ವರ್ಷದೊಳಗೆ, ಇಂಥ ಚಿಕ್ಕ ಮೊತ್ತಕ್ಕೆ ಫೀಸಿಲ್ಲ, ವಕೀಲರೂ ಬೇಕಿಲ್ಲ. ಆದ್ರೆ ಒಂದು ಕಾನೂನು ತೊಡಕು ಇದೆ. ಅಂಚೆ ಇಲಾಖೆಗೆ 1898ರ ಕಾಯ್ದೇಲೂ ರಕ್ಷಣೆ ಇತ್ತು, ಅದರ ಬದಲು ಬಂದ, 2024ರ ಜೂನ್ 18ರಿಂದ ಜಾರಿಗೆ ಬಂದ ಅಂಚೆ ಕಚೇರಿ ಕಾಯ್ದೆ 2023ರ 10ನೇ ಸೆಕ್ಷನ್ನಲ್ಲೂ ಇದೆ: ನಿಯಮದಲ್ಲಿ ಹೇಳಿದಷ್ಟು ಬಿಟ್ಟು ಇಲಾಖೆ ಬೇರೆ ಹೊಣೆ ಹೊರಲ್ಲ. ಸಿಬ್ಬಂದಿ ಮೋಸ ಮಾಡಿದ್ರೋ ಬೇಕಂತ ಹಾಳು ಮಾಡಿದ್ರೋ ಅವರ ಮೇಲೆ ಹೊಣೆ, ಆದ್ರೆ ಅದನ್ನ ಸಾಬೀತು ಮಾಡೋದು ನಿಮ್ಮ ತಲೆನೋವು. 600 ರೂಪಾಯಿ ಬೊಂಬೆಗೆ ನಾನಂತೂ ಆಯೋಗದ ಮೆಟ್ಟಿಲು ಹತ್ತಲ್ಲ.

ಪ್ರೈವೇಟ್ ಕೊರಿಯರ್ ಆದ್ರೆ ಲೆಕ್ಕ ಬೇರೆ. ಅಲ್ಲಿ ನೀವು ಸೈನ್ ಹಾಕೋ ಚೀಟಿ ಹಿಂದೆ ಸಣ್ಣ ಅಕ್ಷರದಲ್ಲಿ 'ನಮ್ಮ ಹೊಣೆ ಇಷ್ಟೇ ರೂಪಾಯಿ' ಅಂತ ಇರತ್ತೆ. ಸೈನ್ ಹಾಕಿದ್ಮೇಲೆ ಆ ಮಿತಿಗೆ ನೀವು ಬದ್ಧ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಒಂದು ಕೊರಿಯರ್ ಕೇಸಲ್ಲಿ ಹೇಳಿದೆ. ಹಾಗಾಗಿ ಓದಿ ಸೈನ್ ಹಾಕಿ, ಬೆಲೆ ಕಾಲಮ್ ಖಾಲಿ ಬಿಡಬೇಡಿ. ಗಲಾಟೆ ಆದ್ರೆ ಮೊದಲು ಅವರಿಗೆ ಇಮೇಲ್, ಆಮೇಲೆ 1915 ಗ್ರಾಹಕ ಸಹಾಯವಾಣಿ, ಎಷ್ಟೋ ಸಲ ಅಲ್ಲೇ ಮುಗಿಯತ್ತೆ.

ವಿದೇಶಕ್ಕೆ

ಮಗಳು ಅಳಿಯ ಹೊರಗಿದ್ರೆ ಡಬ್ಬಕ್ಕೆ ಕಸ್ಟಮ್ಸ್ ಫಾರಂ ಬೇಕು, ಚಿಕ್ಕದಕ್ಕೆ ಸಿಎನ್ 22, ಬೆಲೆ ಜಾಸ್ತಿ ಇದ್ರೆ ಸಿಎನ್ 23. 'ಗಿಫ್ಟ್' ಅಂತ ಒಂದೇ ಪದ ಬರೆದ್ರೆ ಅಲ್ಲಿ ಬಿಚ್ಚಿ ನೋಡ್ತಾರೆ, 'ಕೈಯಲ್ಲಿ ಹೆಣೆದ ಹತ್ತಿ ಟೋಪಿ, ಎರಡು' ಅಂತ ಬಿಡಿಸಿ ಇಂಗ್ಲಿಷಲ್ಲಿ ಬರೀರಿ. ಬೀಜದ ಸರ, ಹುಲ್ಲಿನ ಬುಟ್ಟಿ, ಕೊಬ್ಬರಿ ಇವನ್ನ ಆಸ್ಟ್ರೇಲಿಯಾ ಕಡೆಗೆ ಕಳ್ಸೋ ಯೋಚನೆ ಬಿಡಿ, ಗಿಡಮರದ ವಸ್ತುಗೆ ಅಲ್ಲಿ ಬಹಳ ಬಿಗಿ. ಅಮೆರಿಕಕ್ಕೆ 800 ಡಾಲರ್ ಒಳಗಿನದಕ್ಕೆ ಇದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಹೋಯ್ತು, ನಮ್ಮ ಅಂಚೆಯವರು ಕೆಲವು ವಾರ ಬುಕಿಂಗೇ ನಿಲ್ಲಿಸಿ ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿದ್ರು, ಹಾಗಾಗಿ ಆ ದಿನದ ಸುಂಕ ಎಷ್ಟು ಅಂತ ಕೌಂಟರಲ್ಲಿ ಕೇಳಿ ಆಮೇಲೆ ಕಟ್ಟಿ. ಹೊರದೇಶದ ಪಾರ್ಸಲ್ ಬಗ್ಗೆ ವಿಚಾರಣೆಗೆ ಆರು ತಿಂಗಳು ಟೈಮಿದೆ.

ಹಾಳಾದ್ದನ್ನ ಉಳಿಸೋದು, ಇಲ್ಲಾ ಮತ್ತೆ ಮಾಡೋದು

ದೂರಿನ ಕೆಲಸ ಮುಗಿದ್ಮೇಲೆ. ಒಡೆದ ಮಣ್ಣಿನ ವಸ್ತುಗೆ ಫೆವಿಕ್ವಿಕ್ ಬೇಡ, ಮಣ್ಣು ಹೀರ್ಕೊಂಡು ಹಿಡಿಯಲ್ಲ, ಎರಡು ಟ್ಯೂಬ್ ಕಲಸೋ ಅರಾಲ್ಡೈಟ್ ಹಾಕಿ ಒಂದು ರಾತ್ರಿ ಅಲ್ಲಾಡಿಸ್ದೆ ಬಿಡಿ. ಅಂಟಿಸಿದ ದೀಪದಲ್ಲಿ ಮತ್ತೆ ಬತ್ತಿ ಹಚ್ಚೋಕೆ ಹೋಗ್ಬೇಡಿ, ಶೋಕೇಸಿಗೆ ಸರಿ. ನೆನೆದ ರೇಷ್ಮೆನ ಬಿಸಿಲಿಗೆ ಹಾಕ್ಬೇಡಿ, ಬಿಳಿ ಬಟ್ಟೆ ಒತ್ತಿ ನೀರು ಹೀರಿಸಿ, ನೆರಳಲ್ಲಿ ಒಂದೊಂದೇ ಬಣ್ಣ ಬೇರೆ ಮಾಡಿ ಒಣಗಿಸಿ. ಹತ್ತಿ ಕ್ರೋಶಾಗೆ ಬೂಷ್ಟು ಬಂದಿದ್ರೆ ಮೊದಲು ಹೊರಗೆ ಒಣ ಬ್ರಷಲ್ಲಿ ಉದುರಿಸಿ, ಆಮೇಲೆ ಒಗೆದು, ಚಪ್ಪಟೆಯಾಗಿ ಹರಡಿ ಬಿಸಿಲಿಗೆ. ಇವನ್ನೆಲ್ಲ ಗಿಫ್ಟ್ ತಗೊಂಡೋರ ಕೈಲಿ ವಿಡಿಯೋ ಕಾಲಲ್ಲೇ ಮಾಡಿಸ್ಬಹುದು, ಮತ್ತೆ ಪೋಸ್ಟಲ್ಲಿ ವಾಪಸ್ ತರಿಸೋದು ಬೇಡ.

ಪೂರ್ತಿ ಕಳೆದೋಗಿದ್ರೆ, ಮತ್ತೆ ಮಾಡ್ಬೇಕಾ? ಅವತ್ತೇ ಕೂರಬೇಡಿ. ಎಷ್ಟೋ ಪಾರ್ಸಲ್ಲು ತಿಂಗಳಾದ್ಮೇಲೆ ಸುತ್ತು ಹೊಡ್ಕೊಂಡು ಬಂದು ಬಾಗಿಲಿಗೆ ನಿಂತಿದಾವೆ. ಕುಲಾವಿ ಆದ್ರೆ ಮಾತ್ರ ಕಾಯೋಕಾಗಲ್ಲ, ಮಗು ತಲೆ ಅಷ್ಟೊತ್ತಿಗೆ ಬೆಳೆದಿರತ್ತೆ, ಎತ್ತಿಟ್ಟ ಅದೇ ಲಾಟಿನ ನೂಲು ತೆಗೆದು ಒಂದು ಸೈಜ್ ದೊಡ್ಡದು ಹಾಕಿ. ಮೊದಲನೇದು ಆಮೇಲೆ ಸಿಕ್ರೆ ಆ ಬೀದೀಲಿ ಇನ್ನೊಂದು ಬಾಣಂತನ ಇದ್ದೇ ಇರತ್ತೆ, ಅವರಿಗೇ ಕೊಟ್ಬಿಡಿ ಅಂತ ಅತ್ತಿಗೆಗೆ ಹೇಳಿ.